ದುಬೈಗೆ ಹೋಗಬೇಕು, ಭಾಲ್ಕಿ ಕೋರ್ಟಿನಲ್ಲಿ ತಾರೀಖಿದೆ!

ಜಾಮೀನು ಸಿಕ್ಕಿತು ಎಂದರೆ ಎಲ್ಲ ಮುಗಿಯಿತು ಎಂದೇ ನಮ್ಮ ಜನ ತಿಳಿಯುತ್ತಾರೆ. ಕೋರ್ಟಿನ ಗೇಟಿನಲ್ಲೇ ಪೇಢೆ ಹಂಚಿದವರಿದ್ದಾರೆ. ಆದರೆ ಸ್ವಾಮಿ, ಆ ಜಾಮೀನು ಆದೇಶದ ಕಡೇ ಪುಟ ಓದಿದವರು ಎಷ್ಟು ಮಂದಿ? ಸಾಕ್ಷಿಗಳನ್ನು ಹೆದರಿಸಕೂಡದು, ತಾರೀಖಿಗೆ ತಪ್ಪದೆ ಹಾಜರಿರತಕ್ಕದ್ದು, ಇಂಥ ದಿನ ಠಾಣೆಗೆ ಬಂದು ಸಹಿ ಮಾಡತಕ್ಕದ್ದು ಎಂಬ ಷರತ್ತುಗಳ ನಡುವೆ ಸದ್ದಿಲ್ಲದೆ ಇನ್ನೊಂದು ಷರತ್ತು ಕೂತಿರುತ್ತದೆ: ನ್ಯಾಯಾಲಯದ ಪೂರ್ವಾನುಮತಿ ಇಲ್ಲದೆ ದೇಶ ಬಿಟ್ಟು ಹೋಗತಕ್ಕದ್ದಲ್ಲ.

ಊರಲ್ಲೇ ಹೊಲ ಮಾಡಿಕೊಂಡಿರುವವನಿಗೆ ಈ ಸಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೆ ನಮ್ಮದು ಬೀದರ್ ಜಿಲ್ಲೆ. ಇಲ್ಲಿಂದ ದುಬೈ, ಸೌದಿ, ಕತಾರ್ ಎಂದು ದುಡಿಯಲು ಹೋದವರು ಬೇಕಾದಷ್ಟು ಮಂದಿ. ಉಮ್ರಾಕ್ಕೆ ಹಜ್ಜಿಗೆ ಹೋಗುವವರಿದ್ದಾರೆ, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಂದೆ ತಾಯಿ ಇದ್ದಾರೆ. ಇವರಲ್ಲಿ ಯಾರ ಮೇಲಾದರೂ ಒಂದು ಸಣ್ಣ ಮೊಕದ್ದಮೆ ಬಿತ್ತೋ, ಆ ಒಂದು ಸಾಲು ಹೊಟ್ಟೆಯ ಮೇಲೆ ಹೊಡೆಯುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಭಾಲ್ಕಿ ತಾಲ್ಲೂಕಿನ ಯಾವುದೋ ಒಂದು ಹಳ್ಳಿ. ಮೂವರು ಅಣ್ಣತಮ್ಮಂದಿರು, ನಡುವಿನವ ದುಬೈಯಲ್ಲಿ ಡ್ರೈವರ್. ಎರಡು ವರ್ಷಕ್ಕೊಮ್ಮೆ ರಜೆ. ಬಂದಾಗಲೇ ಪಕ್ಕದ ಹೊಲದವರ ಜೊತೆ ಬಾಂದಿನ ಜಗಳ. ಬಾಯಿಗೆ ಬಾಯಿ ಹತ್ತಿ ಕೈಗೆ ಕೈ ಹತ್ತಿತು, ಯಾರದೋ ತಲೆ ಒಡೆಯಿತು. ಫಿರ್ಯಾದಿ ಕೊಡುವವ ಹೊಡೆದವನೊಬ್ಬನ ಹೆಸರು ಬರೆಸಿ ಸುಮ್ಮನಾಗುತ್ತಾನೆಯೇ? ಮನೆಮಂದಿಯನ್ನೆಲ್ಲ ಬರೆಸುತ್ತಾನೆ. ದುಬೈಯವನ ಹೆಸರನ್ನು ಮೊದಲು ಬರೆಸುತ್ತಾನೆ, ಏಕೆಂದರೆ ರೊಕ್ಕ ಇರುವುದು ಅವನ ಹತ್ತಿರ, ಅವಸರ ಇರುವುದೂ ಅವನಿಗೇ. ರಾಜಿ ಪಂಚಾಯಿತಿಯಲ್ಲಿ ಎಷ್ಟು ಬೇಕಾದರೂ ಕೇಳಬಹುದು!

ಜಾಮೀನು ಸಿಗುವುದು ಕಷ್ಟವಲ್ಲ. ಕಷ್ಟ ಮುಂದಿನದು. ದುಬೈಯ ವಾಸದ ವೀಸಾ ಇದ್ದವನು ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಹೊರಗೆ ಉಳಿದರೆ ವೀಸಾ ಬಿದ್ದುಹೋಗುತ್ತದೆ. ಸೌದಿಯವರು ರಜೆಗೆ ಕಳಿಸುವಾಗಲೇ ಮರಳುವ ವೀಸಾಕ್ಕೆ ಗಡುವು ಬರೆದು ಕಳಿಸುತ್ತಾರೆ. ಇಲ್ಲಿ ಅನುಮತಿ ಅರ್ಜಿ ಹಾಕಿದರೆ ಸರಕಾರಿ ವಕೀಲರು ತಕರಾರು ಸಲ್ಲಿಸಲು ಸಮಯ ಕೇಳುತ್ತಾರೆ, ಅವರಿಗೆ ಠಾಣೆಯಿಂದ ವರದಿ ಬರಬೇಕು, ಠಾಣೆಯವರು ಬಂದೋಬಸ್ತಿನಲ್ಲಿದ್ದಾರೆ, ಸಾಹೇಬರು ರಜೆಯಲ್ಲಿದ್ದಾರೆ. ತಾರೀಖಿನ ಮೇಲೆ ತಾರೀಖು. "ಏನಾತ್ರಿ ವಕೀಲ ಸಾಹೇಬ್ರ?" ಎಂದರೆ "ಮುಂದಿನ ಪೇಶಿಗೆ ನೋಡೋಣಪ್ಪ" ಎಂಬ ಉತ್ತರ. ಅಷ್ಟರಲ್ಲಿ ಅಲ್ಲಿಯ ಸೇಠ್ ಇನ್ನೊಬ್ಬ ಡ್ರೈವರನ್ನು ಇಟ್ಟುಕೊಂಡಿರುತ್ತಾನೆ. ಕಡೆಗೆ ಮೊಕದ್ದಮೆಯಲ್ಲಿ ಬಿಡುಗಡೆ ಆಯಿತೆಂದೇ ಇಟ್ಟುಕೊಳ್ಳಿ, ನೌಕರಿಯನ್ನು ಯಾವ ಕೋರ್ಟು ಮರಳಿ ಕೊಡುತ್ತದೆ?

ಹಕ್ಕು ಹೊಸದಲ್ಲ

ಪರದೇಶಕ್ಕೆ ಹೋಗುವುದು ಸರಕಾರದ ಮೆಹರಬಾನಿ ಎಂದು ಬಹಳ ಮಂದಿ ಇಂದಿಗೂ ತಿಳಿದಿದ್ದಾರೆ. ಒಂದು ಕಾಲಕ್ಕೆ ಹಾಗೇ ಇತ್ತು. ರಹದಾರಿ ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ಅದಕ್ಕೊಂದು ನೆಟ್ಟಗಿನ ಕಾನೂನೂ ಇರಲಿಲ್ಲ. ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿ, ಮೋಟಾರು ಬಿಡಿಭಾಗ ತರಿಸುವವರು. ಅವರ ಮೇಲೆ ಆಮದು ರಫ್ತಿನ ತನಿಖೆ ನಡೆದಿದೆ ಎಂದು ಸರಕಾರ ಪಾಸ್‌ಪೋರ್ಟು ಮರಳಿ ಕೇಳಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1967ರ ಏಪ್ರಿಲ್‌ನಲ್ಲಿ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಹೇಳಿದರು: ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ಅನುಚ್ಛೇದದ ವೈಯಕ್ತಿಕ ಸ್ವಾತಂತ್ರ್ಯದೊಳಗೇ ಬರುತ್ತದೆ, ಕಾನೂನಿಲ್ಲದೆ ಅದನ್ನು ಕಸಿಯುವ ಹಾಗಿಲ್ಲ. ನಮ್ಮ ಮೈಸೂರು ಹೈಕೋರ್ಟು ಈ ಮಾತನ್ನು ಅದಕ್ಕೂ ಮುಂಚೆಯೇ ಆಡಿತ್ತು ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

ಆ ತೀರ್ಪಿನ ಹೊಡೆತಕ್ಕೇ ಅದೇ ವರ್ಷ ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯಿದೆ ಬಂತು. ಹತ್ತು ವರ್ಷದ ನಂತರ 1977ರಲ್ಲಿ ಜನತಾ ಸರಕಾರ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು 'ಸಾರ್ವಜನಿಕ ಹಿತ'ದ ಹೆಸರಿನಲ್ಲಿ ಕೇಳಿತು, ಕಾರಣ ಮಾತ್ರ ಹೇಳಲಿಲ್ಲ. 1978ರ ಜನವರಿ 25ರಂದು ಸುಪ್ರೀಂ ಕೋರ್ಟು ಕಾನೂನಿದ್ದರೆ ಸಾಲದು, ಅದು ನ್ಯಾಯವಾಗಿರಬೇಕು, ಮನುಷ್ಯನ ಮಾತು ಕೇಳಬೇಕು ಎಂದಿತು. ಇಂದು ಔರಾದಿನ ಬಡವ ಕೋರ್ಟಿನಲ್ಲಿ ನಿಂತು 'ನನ್ನ ಮಾತನ್ನೂ ಕೇಳಿ' ಎನ್ನುವುದಕ್ಕೆ ಆಧಾರ ಇಂದಿರಾ ಗಾಂಧಿಯವರ ಸೊಸೆ ಹೂಡಿದ ಮೊಕದ್ದಮೆ. ಕಾಲದ ಆಟ ನೋಡಿ.

ಒಂದು ವರ್ಷದ ಪಾಸ್‌ಪೋರ್ಟು

1967ರ ಕಾಯಿದೆಯಲ್ಲಿಯೇ ಮುಳ್ಳಿದೆ. ಅದರ 6(2)(ಎಫ್) ಕಲಮಿನ ಪ್ರಕಾರ ಕ್ರಿಮಿನಲ್ ಕೋರ್ಟಿನಲ್ಲಿ ಮೊಕದ್ದಮೆ ಬಾಕಿ ಇದ್ದವನಿಗೆ ಪಾಸ್‌ಪೋರ್ಟು ನಿರಾಕರಿಸಬೇಕು. ಕೊಲೆ ಮೊಕದ್ದಮೆಯೋ ಕಂಬಳಿ ಜಗಳವೋ ಎಂದು ಕಲಮು ಕೇಳುವುದಿಲ್ಲ.

ವ್ಯಾಪಾರಸ್ಥರು ಇಲ್ಲಿ ಕಿವಿ ನಿಮಿರಿಸಬೇಕು. ಚೆಕ್ ಬೌನ್ಸ್ ಆದದ್ದು ಬರೀ ರೊಕ್ಕದ ವ್ಯವಹಾರ, ಸಿವಿಲ್ ಮಾತು ಎಂದು ಅಂಗಡಿಕಾರರು ಉದಾಸೀನ ಮಾಡುತ್ತಾರೆ. ಆದರೆ 138ನೇ ಕಲಮಿನ ಖಟ್ಲೆ ನಡೆಯುವುದು ಮ್ಯಾಜಿಸ್ಟ್ರೇಟರ ಮುಂದೆ, ಅದು ಕ್ರಿಮಿನಲ್ ಖಟ್ಲೆ. ಹೈದರಾಬಾದಿನ ಹೋಲ್‌ಸೇಲ್ ವ್ಯಾಪಾರಿ ಬೇಗಂ ಬಜಾರಿನಲ್ಲಿ ಕೂತು ಒಂದು ಖಟ್ಲೆ ಹಾಕಿದರೆ ಸಾಕು, ಬೀದರಿನ ಕಿರಾಣಿ ಅಂಗಡಿಯವರ ಹಜ್ ಯಾತ್ರೆಗೂ ತೊಡಕು ಬೀಳಬಹುದು.

ಇದಕ್ಕೊಂದು ಕಿಟಕಿ ತೆರೆದದ್ದು 1993ರ ಆಗಸ್ಟ್ 25ರ ಕೇಂದ್ರದ ಅಧಿಸೂಚನೆ. ಮೊಕದ್ದಮೆ ನಡೆಯುತ್ತಿರುವ ಕೋರ್ಟಿನಿಂದ ಹೋಗಲು ಅನುಮತಿ ತಂದರೆ ಪಾಸ್‌ಪೋರ್ಟು ಕೊಡಬಹುದು. ಎಷ್ಟು ಅವಧಿಗೆ? ಕೋರ್ಟು ಆದೇಶದಲ್ಲಿ ಬರೆದಷ್ಟು ಅವಧಿಗೆ. ಕೋರ್ಟು ಏನೂ ಬರೆಯದಿದ್ದರೆ ಒಂದೇ ವರ್ಷಕ್ಕೆ! ಉಳಿದವರಿಗೆ ಹತ್ತು ವರ್ಷದ ಪುಸ್ತಕ, ಇವನಿಗೆ ಒಂದು ವರ್ಷದ್ದು. ಇನ್ನು ಎಷ್ಟೋ ದೇಶಗಳು ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳು ಬಾಕಿ ಇರಲೇಬೇಕು ಎನ್ನುತ್ತವೆ. ಅಂದರೆ ಒಂದು ವರ್ಷದ ಪಾಸ್‌ಪೋರ್ಟು ಕೈಗೆ ಬಂದ ದಿನವೇ ಅರ್ಧ ಸತ್ತಂತೆ.

ಈ ಅರ್ಧ ಸಾವಿಗೆ ಕಾರಣ ಯಾರ ದ್ವೇಷವೂ ಅಲ್ಲ. ಅರ್ಜಿ ಬರೆಯುವಾಗ ವಕೀಲರು 'ಇಷ್ಟು ವರ್ಷದ ಪಾಸ್‌ಪೋರ್ಟಿಗೆ' ಎಂದು ಕೇಳಿರುವುದಿಲ್ಲ, ಕೇಳದ್ದನ್ನು ಕೋರ್ಟು ಬರೆದಿರುವುದಿಲ್ಲ. ಎರಡು ಶಬ್ದದ ಕೊರತೆಗೆ ಮನುಷ್ಯ ಮತ್ತೆ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ಪಾಸ್‌ಪೋರ್ಟಿನ ಪ್ರಾದೇಶಿಕ ಕಛೇರಿ ಇರುವುದು ಬೆಂಗಳೂರಿನಲ್ಲಿ, ನಮ್ಮಿಂದ ಏಳುನೂರು ಕಿಲೋಮೀಟರ್ ಆಸುಪಾಸು. ಪತ್ರ ಅಲ್ಲಿಂದ ಬರಬೇಕು, ಉತ್ತರ ಇಲ್ಲಿಂದ ಹೋಗಬೇಕು. ನಮ್ಮ ವಕೀಲ ಮಿತ್ರರು ಸಿಟ್ಟಾಗಬಾರದು, ಆದರೆ ಈ ಮಾತು ಹೇಳದೆ ವಿಧಿಯಿಲ್ಲ.

ಇನ್ನೊಂದು ಗುಂಡಿ ತೋಡುವವರು ಏಜೆಂಟರು. ಅರ್ಜಿಯಲ್ಲಿ 'ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ' ಎಂಬ ಪ್ರಶ್ನೆ ಇರುತ್ತದೆ. "ಇಲ್ಲ ಅಂತ ಹಾಕ್ರಿ, ಯಾರ್ ನೋಡ್ತಾರ?" ಎನ್ನುತ್ತಾರೆ. ಪೊಲೀಸ್ ವರದಿಯಲ್ಲಿ ಅದು ಸಿಕ್ಕೇ ಸಿಗುತ್ತದೆ. ಸಂಗತಿ ಮುಚ್ಚಿಟ್ಟು ಪಾಸ್‌ಪೋರ್ಟು ಪಡೆದರೆ ಅದೇ ಕಾಯಿದೆಯ 12ನೇ ಕಲಮಿನಲ್ಲಿ ಎರಡು ವರ್ಷದ ತನಕ ಸಜೆ, ಇಲ್ಲವೇ ಐದು ಸಾವಿರದ ತನಕ ದಂಡ, ಅಥವಾ ಎರಡೂ. ಬಾಂದಿನ ಜಗಳದ ಮೊಕದ್ದಮೆಯಲ್ಲಿ ಶಿಕ್ಷೆ ಆಗುತ್ತಿತ್ತೋ ಇಲ್ಲವೋ, ಇದರಲ್ಲಿ ಆಗಬಹುದು!

ಹಾಗೆಯೇ ಠಾಣೆಯಲ್ಲಿ ಬರೀ ಎಫ್‌ಐಆರ್ ಆಗಿದ್ದರೆ, ಕೋರ್ಟು ಇನ್ನೂ ಪ್ರಕರಣವನ್ನು ಗಮನಕ್ಕೆ ತೆಗೆದುಕೊಳ್ಳದಿದ್ದರೆ, ಅದು 'ಬಾಕಿ ಮೊಕದ್ದಮೆ' ಅಲ್ಲ ಎಂದು 2019ರ ಅಕ್ಟೋಬರ್‌ನಲ್ಲಿ ವಿದೇಶಾಂಗ ಇಲಾಖೆಯೇ ತನ್ನ ಕಛೇರಿಗಳಿಗೆ ಬರೆದು ತಿಳಿಸಿದೆ. ಈ ಪತ್ರದ ಸುದ್ದಿ ಹಳ್ಳಿಯ ಮನುಷ್ಯನಿಗೆ ಮುಟ್ಟುವುದೇ ಇಲ್ಲ. ಎಫ್‌ಐಆರ್ ಆಯಿತು ಎಂದರೆ ಪಾಸ್‌ಪೋರ್ಟಿನ ಆಸೆ ಬಿಟ್ಟು ಕೂರುತ್ತಾನೆ.

ಉದಗೀರವೂ ಪರದೇಶ

ದುಬೈ ಮಾತು ಅತ್ತ ಇರಲಿ. ಔರಾದ್ ಕಡೆಯವರಿಗೆ ಇನ್ನೂ ಹತ್ತಿರದ ಪರದೇಶವೊಂದಿದೆ. 'ನ್ಯಾಯಾಲಯದ ವ್ಯಾಪ್ತಿ ಬಿಟ್ಟು ಹೋಗತಕ್ಕದ್ದಲ್ಲ' ಎಂಬ ಷರತ್ತು ಬಿದ್ದವನು ಉದಗೀರಿಗೆ ಹೋಗುವಂತಿಲ್ಲ, ದೇಗಲೂರಿಗೆ ಹೋಗುವಂತಿಲ್ಲ. ಔರಾದ್, ಕಮಲನಗರದ ಮಂದಿಗೆ ಸಂತೆ, ದವಾಖಾನೆ, ಹೆಣ್ಣು ಕೊಡುವುದು ತರುವುದು ಎಲ್ಲ ಆ ಕಡೆಗೇ. ಬೀದರಿನವನಿಗೆ ಎದೆ ನೋವು ಬಂದರೆ ಕಾರು ತಿರುಗುವುದು ಜಹೀರಾಬಾದ್ ಮೇಲೆ ಹೈದರಾಬಾದಿಗೆ. 1956ರ ತನಕ ಉದಗೀರ, ಜಹೀರಾಬಾದ್ ಎರಡೂ ನಮ್ಮ ಬೀದರ್ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಒಂದು ಆ ಕಡೆ, ಒಂದು ಈ ಕಡೆ ಹೋಯಿತು. ಬೆಂಗಳೂರು, ತುಮಕೂರಿನಲ್ಲಿ ನಡೆಯುವ ಷರತ್ತು ಮೂರು ರಾಜ್ಯ ಕೂಡುವ ಈ ಮೂಲೆಯಲ್ಲಿ ನಡೆಯುವುದಿಲ್ಲ. ಅಚ್ಚು ಹಾಕಿದ ಷರತ್ತನ್ನೇ ಎಲ್ಲರ ಮೇಲೂ ಒತ್ತುವ ಬದಲು ಆರೋಪಿಯ ಊರು ಯಾವುದು ಎಂದು ಒಮ್ಮೆ ನೋಡಿದರೆ ಸಾಕು.

ಇಂಥ ಷರತ್ತು ದೊಡ್ಡವರನ್ನೂ ಬಿಟ್ಟಿಲ್ಲ ಎನ್ನಿ. ಗಾಲಿ ಜನಾರ್ದನ ರೆಡ್ಡಿಯವರಿಗೆ 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ಜಾಮೀನು ಸಿಕ್ಕಿತು, ಬಳ್ಳಾರಿಗೆ ಕಾಲಿಡಬಾರದೆಂಬ ಷರತ್ತಿನ ಮೇಲೆ. ಆ ಷರತ್ತು ಪೂರಾ ಸಡಿಲಾದದ್ದು 2024ರ ಸೆಪ್ಟೆಂಬರ್ ಕೊನೆಗೆ. ನಡುವೆ ಊರಿಗೆ ಹೋಗಬೇಕಾದರೆ ಪ್ರತಿ ಸಾರಿಯೂ ದೆಹಲಿಯ ಕದ ತಟ್ಟಬೇಕಿತ್ತು. ಅವರು ತಟ್ಟಿದರು. ಔರಾದಿನ ಕೂಲಿಕಾರ ತಟ್ಟುತ್ತಾನೆಯೇ?

ಓಡಿಹೋದವರು ಅನುಮತಿ ಕೇಳಿದ್ದರೇ?

"ಬಿಟ್ಟರೆ ಓಡಿ ಹೋಗ್ತಾರ್ರಿ" ಎಂಬುದು ಸರಕಾರಿ ವಕೀಲರ ಖಾಯಂ ತಕರಾರು. ಭಯ ಸುಳ್ಳಲ್ಲ. ನಮ್ಮ ಹಳೇ ಹೈದರಾಬಾದ್ ರಾಜ್ಯದ ಕಡೇ ಪ್ರಧಾನಿ ಮೀರ್ ಲಾಯಕ್ ಅಲಿ ಪೊಲೀಸ್ ಕಾರ್ಯಾಚರಣೆಯ ನಂತರ ಗೃಹಬಂಧನದಲ್ಲಿದ್ದವರು 1950ರ ಮಾರ್ಚ್‌ನಲ್ಲಿ ಕಾವಲಿನವರ ಕಣ್ಣು ತಪ್ಪಿಸಿ ಪಾಕಿಸ್ತಾನಕ್ಕೆ ಪಾರಾದರು. ಆಗ ಆ ಸುದ್ದಿ ಕೇಳಿದ ಹಿರಿಯರು ಬೀದರಿನಲ್ಲಿ ಬಹಳ ದಿನ ಅದನ್ನೇ ಮಾತಾಡಿರಬೇಕು.

ಇತ್ತೀಚಿನದನ್ನೇ ತೆಗೆದುಕೊಳ್ಳಿ. ಕರ್ನಾಟಕದಿಂದ ರಾಜ್ಯಸಭೆಗೆ ಆರಿಸಿ ಹೋಗಿದ್ದ ವಿಜಯ್ ಮಲ್ಯ 2016ರ ಮಾರ್ಚ್ 2ರಂದು ಲಂಡನ್ನಿಗೆ ಹಾರಿದರು. ಅದಕ್ಕೂ ಮುನ್ನ ಸಿಬಿಐ ಹೊರಡಿಸಿದ್ದ 'ತಡೆಯಿರಿ' ಎಂಬ ಲುಕ್‌ಔಟ್ ನೋಟೀಸು 'ತಿಳಿಸಿರಿ' ಎಂದು ಮೆತ್ತಗಾಗಿತ್ತು. ಹಾಸನದ ಆಗಿನ ಸಂಸದ ಪ್ರಜ್ವಲ್ ರೇವಣ್ಣ 2024ರ ಏಪ್ರಿಲ್ ಕೊನೆಗೆ, ಎಫ್‌ಐಆರ್ ದಾಖಲಾಗುವ ಹೊತ್ತಿಗಾಗಲೇ, ರಾಜತಾಂತ್ರಿಕ ಪಾಸ್‌ಪೋರ್ಟಿನ ಮೇಲೆ ಜರ್ಮನಿ ಸೇರಿದ್ದರು. ಮರಳಿ ಬೆಂಗಳೂರಿನಲ್ಲಿ ಇಳಿದದ್ದು ಮೇ 31ಕ್ಕೆ. ಇವರಿಬ್ಬರಲ್ಲಿ ಯಾರಾದರೂ ಜಾಮೀನಿನ ಮೇಲಿದ್ದರೇ? ಯಾವುದಾದರೂ ಕೋರ್ಟಿಗೆ ಅರ್ಜಿ ಹಾಕಿ ಅನುಮತಿ ಪಡೆದು ಹೋದರೇ? ಇಲ್ಲ. ಓಡುವ ಮನಸ್ಸಿದ್ದವನು ಅರ್ಜಿ ಬರೆಸುತ್ತ ಕೂರುವುದಿಲ್ಲ ಸ್ವಾಮಿ. ತನ್ನ ಟಿಕೆಟು, ವಿಳಾಸ, ಮರಳುವ ತಾರೀಖು ಎಲ್ಲ ಕೋರ್ಟಿನ ಮುಂದೆ ಇಟ್ಟು ಕೈಮುಗಿದು ನಿಂತವನ ಮೇಲೆ ಮಾತ್ರ ಅನುಮಾನ!

ಅನುಮತಿ ಸಿಗುವುದೇ ಇಲ್ಲ ಎಂದೂ ಅಲ್ಲ. ಡಿ.ಕೆ. ಶಿವಕುಮಾರ್ ಅವರಿಗೆ ಜಾರಿ ನಿರ್ದೇಶನಾಲಯದ ಪ್ರಕರಣದಲ್ಲಿ 2019ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟು ಜಾಮೀನು ಕೊಟ್ಟಾಗ ಅನುಮತಿ ಇಲ್ಲದೆ ದೇಶ ಬಿಡಬಾರದೆಂಬ ಷರತ್ತಿತ್ತು. 2022ರ ಕೊನೆಗೆ ದುಬೈಗೆ ಹೋಗಲು ದೆಹಲಿಯ ಕೋರ್ಟು ಅನುಮತಿ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಆ ಪ್ರಕರಣವನ್ನೇ ಸುಪ್ರೀಂ ಕೋರ್ಟು ರದ್ದು ಮಾಡಿತು. ಅವರಿಗೆ ಕೊಟ್ಟದ್ದು ತಪ್ಪು ಎಂದು ಈ ಅಂಕಣ ಹೇಳುವುದಿಲ್ಲ, ಸರಿಯಾಗಿಯೇ ಕೊಟ್ಟರು. ಅದೇ ದುಬೈ, ಅದೇ ಷರತ್ತು, ಭಾಲ್ಕಿಯ ಡ್ರೈವರನಿಗೂ ಅಷ್ಟೇ ಚುರುಕಾಗಿ ಸಿಗಲಿ ಎಂಬುದಷ್ಟೇ ಮಾತು.

2020ರ ಅಕ್ಟೋಬರ್‌ 1ರ ಸುಪ್ರೀಂ ಕೋರ್ಟು ತೀರ್ಪೊಂದು ಇಲ್ಲಿ ಕೆಲಸಕ್ಕೆ ಬರುತ್ತದೆ. ಅಮೆರಿಕದ ಗ್ರೀನ್ ಕಾರ್ಡು ಇದ್ದ ಒಬ್ಬರು ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಜಾಮೀನಿನ ಮೇಲಿದ್ದರು. ಕಾರ್ಡು ಉಳಿಸಿಕೊಳ್ಳಲು ಎಂಟು ವಾರ ಅಲ್ಲಿಗೆ ಹೋಗಬೇಕಿತ್ತು. ಮುಂಬಯಿ ಹೈಕೋರ್ಟು ಒಪ್ಪಲಿಲ್ಲ, ಸುಪ್ರೀಂ ಕೋರ್ಟು ಒಪ್ಪಿತು. ಷರತ್ತು ಎಂಬುದು ಉದ್ದೇಶಕ್ಕೆ ತಕ್ಕಷ್ಟಿರಬೇಕು. ಆರೋಪಿ ವಿಚಾರಣೆಗೆ ಸಿಗಬೇಕು, ತನಿಖೆ ಕೆಡಬಾರದು, ಅದಕ್ಕಿಂತ ಹೆಚ್ಚಿನ ಬಿಗಿ ಸಲ್ಲದು ಎಂಬುದು ಆ ತೀರ್ಪಿನ ತಿರುಳು. ಗ್ರೀನ್ ಕಾರ್ಡಿಗೆ ಅನ್ವಯಿಸುವ ನ್ಯಾಯ ದುಬೈ ವೀಸಾಕ್ಕೂ ಅನ್ವಯಿಸಬೇಕಲ್ಲವೇ?

ಆ ಹೆಣ್ಣುಮಗಳ ಮಾತೂ ಇದೆ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ನ್ಯಾಯವಾಗುತ್ತದೆ. ಇನ್ನೊಂದು ಕಡೆ ನೋಡಿ. ಗಂಡ ಪರದೇಶದಲ್ಲಿ, ಹೆಂಡತಿ ತವರಿನಲ್ಲಿ. ವರದಕ್ಷಿಣೆ ಕಿರುಕುಳದ ಮೊಕದ್ದಮೆ, ಜೀವನಾಂಶದ ಅರ್ಜಿ. ಅವನು ಜಾಮೀನು ಪಡೆದು ವಿಮಾನ ಹತ್ತಿದರೆ ಮುಗಿಯಿತು, ಇವಳು ಕೂಸನ್ನು ಬಗಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದು ಕೋರ್ಟಿನ ಕಟ್ಟೆಯ ಮೇಲೆ ಕೂರಬೇಕು. ಆರೋಪಿ ಗೈರುಹಾಜರು, ವಾರಂಟು, ಮತ್ತೆ ತಾರೀಖು. ವೀಸಾ ಕೊಡಿಸುತ್ತೇನೆಂದು ಹತ್ತಾರು ಹುಡುಗರ ರೊಕ್ಕ ನುಂಗಿದ ದಲ್ಲಾಳಿಯ ವಿಷಯವೂ ಹಾಗೇ. ಅವನೇ ಮೊದಲು ದುಬೈ ಸೇರುತ್ತಾನೆ! ಇಂಥವರಿಗೆ ಅನುಮತಿ ಕೊಡುವ ಮುನ್ನ ಫಿರ್ಯಾದಿಯನ್ನು ಕರೆದು ಕೇಳಲೇಬೇಕು. ಜೀವನಾಂಶದ ಬಾಕಿ ಕಟ್ಟಿಸಿಕೊಂಡೇ ಬಿಡಬೇಕು. ಅದರಲ್ಲಿ ಈ ಅಂಕಣಕ್ಕೆ ದಾಕ್ಷಿಣ್ಯವಿಲ್ಲ.

ಆದರೆ ಒಂದು ಬದಲಾವಣೆ ಆಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 356ನೇ ಕಲಮಿನಂತೆ ದೊಡ್ಡ ಅಪರಾಧಗಳಲ್ಲಿ ಆರೋಪಿ ತಲೆಮರೆಸಿಕೊಂಡು ಘೋಷಿತ ಅಪರಾಧಿ ಎನಿಸಿಕೊಂಡರೆ ಅವನಿಲ್ಲದೆಯೇ ವಿಚಾರಣೆ ನಡೆಸಿ ತೀರ್ಪು ಕೊಡಬಹುದು. 530ನೇ ಕಲಮಿನಂತೆ ವಿಚಾರಣೆಯನ್ನು ವಿಡಿಯೊ ಮೂಲಕವೂ ನಡೆಸಬಹುದು. ಅಂದರೆ ಆರೋಪಿಯ ಶರೀರ ಭಾಲ್ಕಿಯಲ್ಲೇ ಇರಬೇಕು, ಇಲ್ಲದಿದ್ದರೆ ಮೊಕದ್ದಮೆಯ ಗಾಡಿ ಕದಲುವುದಿಲ್ಲ ಎಂಬ ವಾದಕ್ಕೆ ಮೊದಲಿನ ತೂಕವಿಲ್ಲ.

ಜಾಮೀನುದಾರರೇ, ನಿಮ್ಮ ಪಹಣಿ ಎಲ್ಲಿದೆ?

ಈ ಗದ್ದಲದಲ್ಲಿ ಯಾರೂ ನೆನೆಯದ ಒಬ್ಬ ಬಡಪಾಯಿ ಇದ್ದಾನೆ. ಅವನೇ ಜಾಮೀನುದಾರ. ಬೀಗನೆಂದೋ ಓಣಿಯವನೆಂದೋ ಮುಲಾಜಿಗೆ ಬಿದ್ದು ಹೊಲದ ಪಹಣಿಯನ್ನೋ ಅಂಗಡಿಯ ಕಾಗದವನ್ನೋ ಕೋರ್ಟಿನಲ್ಲಿ ಇಟ್ಟು ಮುಚ್ಚಳಿಕೆ ಬರೆದುಕೊಟ್ಟವನು. ಆರೋಪಿ ಹಾಜರಾಗದಿದ್ದರೆ ಮುಚ್ಚಳಿಕೆ ಮುಟ್ಟುಗೋಲು. ದಂಡ ತೆರಲು ಆಗದಿದ್ದರೆ ಜಾಮೀನುದಾರನನ್ನು ಸಿವಿಲ್ ಜೈಲಿಗೆ ಆರು ತಿಂಗಳ ತನಕ ಹಾಕಲು ಹಳೇ ಸಂಹಿತೆಯಲ್ಲೂ ಅವಕಾಶವಿತ್ತು, ಹೊಸದರ 491ನೇ ಕಲಮಿನಲ್ಲೂ ಇದೆ.

ಆರೋಪಿ ವಿದೇಶಕ್ಕೆ ಹೋಗಲು ಅರ್ಜಿ ಹಾಕಿದಾಗ ಜಾಮೀನುದಾರನಿಗೆ ತಿಳಿಸುವುದು ವಾಡಿಕೆಯಲ್ಲಿಲ್ಲ. ಅವನು ಹಾರಿದ ಮೇಲೆ ಇವನಿಗೆ ಸುದ್ದಿ. ನಮ್ಮ ಪ್ರಕಾರ ಇದನ್ನು ತಿರುಗಿಸಬೇಕು: ಅನುಮತಿ ಅರ್ಜಿಯ ಜೊತೆ ಜಾಮೀನುದಾರನ ಒಪ್ಪಿಗೆ ಪತ್ರ ಇರಲಿ, ಒಪ್ಪಿಗೆ ಇದ್ದರೆ ಕೋರ್ಟಿಗೂ ಧೈರ್ಯ. ಒಪ್ಪದವನು 489ನೇ ಕಲಮಿನಂತೆ ತನ್ನನ್ನು ಬಿಡುಗಡೆ ಮಾಡಿ ಎಂದು ಕೇಳಬಹುದು. ಬಜಾರಿನಲ್ಲಿ ಮುಲಾಜಿನ ಜಾಮೀನು ಬಹಳ ಇವೆ, ಕಾಗದ ಯಾವ ಖಟ್ಲೆಯಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಬೀದರ್ ಶಾಲೆಯ ನಾಟಕ

ಆರೋಪ ಎಂದರೆ ಅಪರಾಧವಲ್ಲ ಎಂಬುದನ್ನು ಬೇರೆ ಊರಿನವರಿಂದ ಕಲಿಯಬೇಕಾಗಿಲ್ಲ. 2020ರ ಜನವರಿಯಲ್ಲಿ ನಮ್ಮ ಶಾಹೀನ್ ಶಾಲೆಯಲ್ಲಿ ಪೌರತ್ವ ಕಾಯಿದೆಯ ಬಗ್ಗೆ ಮಕ್ಕಳು ಆಡಿದ ನಾಟಕಕ್ಕೆ ರಾಜದ್ರೋಹದ ಮೊಕದ್ದಮೆ ಬಿತ್ತು. ಮುಖ್ಯ ಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲಿಗೆ ಹೋದರು. ಫೆಬ್ರವರಿ 14ರಂದು ಬೀದರ್ ಜಿಲ್ಲಾ ನ್ಯಾಯಾಲಯ ಅವರಿಗೆ ಜಾಮೀನು ಕೊಟ್ಟಿತು. ಆಡಳಿತ ಮಂಡಳಿಯವರು ಮಾರ್ಚ್‌ನಲ್ಲಿ ನಿರೀಕ್ಷಣಾ ಜಾಮೀನು ಪಡೆದರು. ಆಡಳಿತ ಮಂಡಳಿಯವರ ಮೇಲಿನ ಮೊಕದ್ದಮೆಯನ್ನು ಕಲಬುರಗಿ ಪೀಠ ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ಮೂರು ವರ್ಷ ದಾಟಿತ್ತು. ಆ ಪ್ರಕರಣದಲ್ಲಿ ಯಾರು ಎಲ್ಲಿಗೆ ಹೋಗಬೇಕಿತ್ತು ಎಂಬುದು ಇಲ್ಲಿ ಪ್ರಶ್ನೆಯಲ್ಲ. ಕಡೆಗೆ ನಿಲ್ಲದ ಆರೋಪವೂ ಇಷ್ಟು ದಿನ ತಲೆಯ ಮೇಲೆ ತೂಗುತ್ತದೆ, ಅಷ್ಟೂ ದಿನ ಮನುಷ್ಯ ತನ್ನ ಓಡಾಟಕ್ಕೆ ಕೈಚಾಚಬೇಕಾಗುತ್ತದೆ ಎಂಬುದು ಪ್ರಶ್ನೆ.

ಕೆಳಗಿನ ಕೋರ್ಟು ಅನುಮತಿ ನಿರಾಕರಿಸಿದರೆ ಮೇಲೆ ಹೋಗಲು ದಾರಿ ಈಗ ಸಲೀಸು. 2008ಕ್ಕೆ ಮುಂಚೆ ಹೈಕೋರ್ಟು ಎಂದರೆ ಬೆಂಗಳೂರು, ಎರಡು ರಾತ್ರಿಯ ಪ್ರಯಾಣ. ಈಗ ಕಲಬುರಗಿಯಲ್ಲೇ ಪೀಠವಿದೆ, 2013ರಿಂದ ಅದು ಖಾಯಂ. 2017ರಿಂದ ರೈಲೂ ಇದೆ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು.

ನಮ್ಮ ಜಿಲ್ಲೆಯ ಮಟ್ಟಿಗೆ ಬೇಡಿಕೆ ಸಣ್ಣದು. ಪ್ರಯಾಣದ ಅರ್ಜಿಯನ್ನು ವೀಸಾದ ಗಡುವು ಮುಗಿಯುವ ಮೊದಲು ಕೊಡುವುದಾದರೆ ಕೊಡಿ, ಇಲ್ಲವಾದರೆ ಇಲ್ಲ ಎನ್ನಿ; ಇಲ್ಲ ಎಂದರೆ ಮೇಲಿನ ಕೋರ್ಟಿಗಾದರೂ ಹೋಗಬಹುದು, ತಾರೀಖು ಕೊಟ್ಟರೆ ಎಲ್ಲಿಗೂ ಹೋಗಲಾಗದು. ಕೊಟ್ಟ ಆದೇಶದಲ್ಲಿ ಪಾಸ್‌ಪೋರ್ಟಿನ ಅವಧಿಯನ್ನು ಅಂಕಿಯಲ್ಲಿ ಬರೆಯಿರಿ. ಪೊಲೀಸ್ ಇಲಾಖೆಯವರು ಇನ್ನೊಂದು ಕೆಲಸ ಮಾಡಬೇಕು. ಲುಕ್‌ಔಟ್ ನೋಟೀಸು ತನ್ನಷ್ಟಕ್ಕೆ ಅಳಿಯುವುದಿಲ್ಲ, ಹೊರಡಿಸಿದ ಕಛೇರಿಯವರು ಬರೆದು ಕಳಿಸುವ ತನಕ ಅದು ಜೀವಂತ ಎಂದು 2021ರ ಕೇಂದ್ರ ಗೃಹ ಇಲಾಖೆಯ ಸೂಚನೆಗಳಲ್ಲೇ ಇದೆ. ಮೊಕದ್ದಮೆ ಗೆದ್ದು 'ಖುಲ್ಲಾ' ಎಂದು ಬರೆಸಿಕೊಂಡವನನ್ನು ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಹಳೇ ನೋಟೀಸಿನ ಮೇಲೆ ಪಕ್ಕಕ್ಕೆ ನಿಲ್ಲಿಸಿದರೆ, ಎದುರಿಗೆ ವಿಮಾನ ಏರುತ್ತಿರುತ್ತದೆ, ಟಿಕೆಟಿನ ರೊಕ್ಕ ನೀರಿಗೆ. ತೀರ್ಪು ಬಂದ ವಾರದಲ್ಲೇ ರದ್ದತಿ ಪತ್ರ ಕಳಿಸಲು ಎಸ್.ಪಿ. ಕಛೇರಿಯಲ್ಲಿ ಒಬ್ಬ ಗುಮಾಸ್ತನಿಗೆ ವಹಿಸಿದರೆ ಸಾಲದೇ?

ವಕೀಲರಿಗೆ ಕೊಡಲು ರೊಕ್ಕವಿಲ್ಲದವರು ಬೀದರ್ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು; ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿಗಳಿವೆ. 1987ರ ಕಾಯಿದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರು ಪುಕ್ಕಟೆ. ಅರ್ಜಿಯಲ್ಲಿ ಹೋಗುವ ದಿನ, ಮರಳುವ ದಿನ, ಅಲ್ಲಿಯ ವಿಳಾಸ, ಫೋನ್ ನಂಬರು, ತನ್ನ ಬದಲು ತಾರೀಖಿಗೆ ನಿಲ್ಲುವ ವಕೀಲರ ಹೆಸರು ಇಷ್ಟನ್ನೂ ಬರೆಸಿ, 'ಇಷ್ಟು ವರ್ಷದ ಪಾಸ್‌ಪೋರ್ಟಿಗೆ' ಎಂಬ ಮಾತನ್ನು ಮರೆಯದೆ ಸೇರಿಸಿ. ಆದೇಶ ಬಂದ ಮೇಲೆ ದೃಢೀಕೃತ ಪ್ರತಿ ಎರಡು ತೆಗೆಸಿ, ಒಂದು ಮನೆಯಲ್ಲಿರಲಿ, ಒಂದು ಕೈಚೀಲದಲ್ಲಿ.